ವಿಡಿಯೋ ಕಾಲ್‌ ಆಗುತ್ತೆ, ಆದರೆ ನಿಮ್ಮೂರಿನ ಡಾಕ್ಟರೂ ಅದರಲ್ಲಿರಲಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗನಿಗೆ ಒಂದು ವರ್ಷ ಎರಡು ತಿಂಗಳು. ಹೃದಯದಲ್ಲಿ ತೂತು ಇತ್ತು, ಬೆಂಗಳೂರಿನಲ್ಲಿ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಶ್ವಾಸಕೋಶದ ಪ್ರೆಷರ್‌ಗೆ ಇನ್ನೂ ಔಷಧಿ ನಡೆಯುತ್ತಿದೆ. ಮನೆ ಸಿಂಧನೂರಿನಲ್ಲಿ. ಪ್ರತಿ ಚೆಕಪ್‌ಗೂ ಮಗು ಎತ್ತಿಕೊಂಡು ರಾತ್ರಿ ಬಸ್ ಹತ್ತಲೇಬೇಕಾ, ವಿಡಿಯೋ ಕಾಲ್‌ನಲ್ಲೇ ತೋರಿಸಿದರೆ ಆಗಲ್ವಾ?

ಬಹುಪಾಲು ಆಗುತ್ತೆ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ಹೃದಯ ವಿಭಾಗದಲ್ಲಿ ನರ್ಸ್. ಆರು ವರ್ಷದಿಂದ ಊರುಗಳಿಂದ ಬರುವ ಇಂಥ ಕಾಲ್‌ಗಳನ್ನು ಡಾಕ್ಟರಿಗೆ ಜೋಡಿಸಿಕೊಡುವುದೇ ನನ್ನ ಕೆಲಸ. ಗಾಯ ಮಾಗಿದೆಯಾ, ಮಗು ಹಾಲು ಕುಡಿಯುತ್ತಿದೆಯಾ, ತೂಕ ಏರುತ್ತಿದೆಯಾ, ಔಷಧಿ ಸರಿ ಹೋಗುತ್ತಿದೆಯಾ ಎನ್ನುವುದಕ್ಕೆಲ್ಲ ಬಸ್ ಹತ್ತಬೇಕಿಲ್ಲ. ಎಕೋಗೆ, ಅಂದರೆ ಹೃದಯದ ಸ್ಕ್ಯಾನ್‌ಗೆ, ಮಾತ್ರ ಹತ್ತಬೇಕು. ಎದೆ ಮೇಲೆ ಪ್ರೋಬ್ ಇಟ್ಟೇ ನೋಡಬೇಕಲ್ವಾ. ಈ ವಯಸ್ಸಿನ ಮಗು ಸುಮ್ನೆ ಮಲಗುವುದಿಲ್ಲ, ಎಷ್ಟೋ ಸಲ ನಿದ್ದೆ ಸಿರಪ್ ಕೊಟ್ಟು ಮಾಡುತ್ತಾರೆ. ದೊಡ್ಡವರ ಎಕೋ ಮಾತ್ರ ಮಾಡಿ ರೂಢಿಯಿರುವ ಕಡೆ ಮಾಡಿಸಿದರೆ ರಿಪೋರ್ಟ್ ಬರುತ್ತದೆ, ನಮಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಕಲಬುರಗಿಯಲ್ಲಿ ಜಯದೇವದ ಹೃದಯದ ಆಸ್ಪತ್ರೆ ಇದೆ. ಮಧ್ಯದ ಒಂದು ಎಕೋ ಅಲ್ಲಿ ಮಾಡಿಸಿದರೆ ನಡೆಯುತ್ತಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ ನೋಡಿ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. 2002ರ ಹೊತ್ತಿಗೇ ಇಸ್ರೋ ಬೊಮ್ಮಸಂದ್ರದ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಗೆ, ಸರಗೂರಿನ ವಿವೇಕಾನಂದ ಆಸ್ಪತ್ರೆಗೆ ಉಪಗ್ರಹದ ಮೂಲಕ ಜೋಡಿಸಿತ್ತು. ಆಗ ಆಂಟೆನಾ ಬೇಕಿತ್ತು, ಅದಕ್ಕೊಂದು ರೂಮೇ ಬೇಕಿತ್ತು. ಆದರೆ ಆ ತುದಿಯಲ್ಲಿ ಒಂದು ಆಸ್ಪತ್ರೆ ಇತ್ತು, ರೋಗಿಯನ್ನು ಕೈಯಿಂದ ಮುಟ್ಟಿ ನೋಡುವ ಡಾಕ್ಟರ್ ಇದ್ದರು. ಈಗ ಎಲ್ಲರ ಜೇಬಲ್ಲೂ ಫೋನ್ ಇದೆ, ಆ ತುದಿಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ನನ್ನ ಅನುಭವದಲ್ಲಿ ಕಾಲ್ ಕೆಡುವುದು ನೆಟ್‌ವರ್ಕ್‌ನಿಂದಲ್ಲ, ಇದರಿಂದ.

ನಮ್ಮಲ್ಲೇ ಆದ ಒಂದು ತಪ್ಪು ಹೇಳುತ್ತೇನೆ. ಒಂದು ಹೆಣ್ಣು ಮಗು, ನಿಮ್ಮ ಮಗನ ಹಾಗೇ ಆಪರೇಷನ್ ಆಗಿತ್ತು, ಶ್ವಾಸಕೋಶದ ಪ್ರೆಷರ್‌ಗೆ ಸಿಲ್ಡೆನಾಫಿಲ್ ಅನ್ನುವ ಔಷಧಿ ನಡೆಯುತ್ತಿತ್ತು. 25 ಎಂಜಿ ಮಾತ್ರೆಯನ್ನು 10 ಎಂಎಲ್ ನೀರಿನಲ್ಲಿ ಕರಗಿಸಿ 2 ಎಂಎಲ್ ಕುಡಿಸಬೇಕು, ಅಂದರೆ 5 ಎಂಜಿ. ನಾವು ಚೀಟಿಯಲ್ಲಿ ಬರೆದದ್ದು ಬರೀ ‘2 ಎಂಎಲ್’. ಕಾಲ್‌ನಲ್ಲಿ ನಾನು ಏನೋ ಟೈಪ್ ಮಾಡುತ್ತಾ, ‘ಅಮ್ಮಾ, ಮಾತ್ರೆ ಪಟ್ಟಿ ಒಂಚೂರು ಕ್ಯಾಮರಾಗೆ ತೋರಿಸಿ’ ಅಂದೆ. ಸುಮ್ನೆ ಹೆಸರು ನೋಡಲು. ಅವರು ಹಿಡಿದರು. ಫಾಯಿಲ್ ಮೇಲೆ ಲೈಟ್ ಬಿದ್ದು ಏನೂ ಕಾಣಲಿಲ್ಲ. ಸ್ವಲ್ಪ ಓರೆ ಮಾಡಿದರು, 50 ಅಂತ ಇತ್ತು. ಅಂಗಡಿಯಲ್ಲಿ 25 ಖಾಲಿಯಾಗಿ 50 ಕೊಟ್ಟಿದ್ದರು. ಅಮ್ಮ ಎಂದಿನಂತೆ 10 ಎಂಎಲ್‌ನಲ್ಲೇ ಕರಗಿಸಿ ಎಂಟು ದಿನ ಡಬಲ್ ಡೋಸ್ ಕುಡಿಸಿದ್ದರು. ಅವರ ತಪ್ಪೇನಿಲ್ಲ, ಚೀಟಿ ನಮ್ಮದು. ಅದೇ ಊರಿನ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಬಿಪಿ ನೋಡಿಸಿದೆವು. ಮಗು ಚೆನ್ನಾಗಿತ್ತು. ಆವತ್ತಿನಿಂದ ಮೊದಲು ಪಟ್ಟಿ, ಆಮೇಲೆ ಮಾತು. ಚೀಟಿಯಲ್ಲಿ ಎಂಜಿ ಬರೆಯದೆ ಎಂಎಲ್ ಬರೆಯುವುದಿಲ್ಲ. ನಿಮ್ಮ ಚೀಟಿಯನ್ನೂ ಈಗಲೇ ತೆಗೆದು ನೋಡಿ.

ಹಾಗಾಗಿ ಸಿಂಧನೂರಿನಲ್ಲೇ ಒಬ್ಬ ಮಕ್ಕಳ ಡಾಕ್ಟರನ್ನು ಗೊತ್ತು ಮಾಡಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯ ಒಂದು ಕಾಪಿ ಅವರ ಹತ್ತಿರ ಇರಲಿ. ಸಾಧ್ಯವಾದರೆ ಅವರ ಕ್ಲಿನಿಕ್‌ನಿಂದಲೇ ಕಾಲ್ ಮಾಡಿ. ಅವರು ಸ್ಟೆತ್ ಇಟ್ಟು ಹೇಳುವ ಎರಡು ಮಾತು ನಾವು ಪರದೆ ಮೇಲೆ ಹತ್ತು ನಿಮಿಷ ನೋಡುವುದಕ್ಕಿಂತ ಮೇಲು. ಇನ್ನು ತೂಕ. ಈ ಔಷಧಿಗಳ ಡೋಸ್ ನಿಂತಿರುವುದೇ ತೂಕದ ಮೇಲೆ. ಮಗು ಬೆಳೆದಿರುತ್ತದೆ, ಡೋಸ್ ಮೂರು ತಿಂಗಳ ಹಿಂದಿನದೇ ಇರುತ್ತದೆ. ಯಾವಾಗಲೂ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ಅಂಗನವಾಡಿಯದ್ದಾದರೂ ಪರವಾಗಿಲ್ಲ.

ಉಸಿರು ಎಣಿಸಲು ಲೈವ್ ಕಾಲ್ ನಂಬಬೇಡಿ, ಮಧ್ಯೆ ಮಧ್ಯೆ ನಿಂತು ನಿಂತು ಓಡುತ್ತದೆ. ಮಗು ನಿದ್ದೆಯಲ್ಲಿದ್ದಾಗ ಅಂಗಿ ಎತ್ತಿ, ಎದೆ ಹೊಟ್ಟೆ ಎರಡೂ ಕಾಣುವ ಹಾಗೆ ಪೂರ್ತಿ ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಒಂದು ವರ್ಷ ದಾಟಿದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಅಂದರೆ ವೇಗದ ಉಸಿರು. ಬಣ್ಣ ತೋರಿಸುವಾಗ ಕಿಟಕಿ ಹತ್ತಿರ ಬನ್ನಿ, ತುಟಿಗಿಂತ ನಾಲಿಗೆ ತೋರಿಸಿ. ಫೋನಿನ ಬ್ಯೂಟಿ ಫಿಲ್ಟರ್ ತೆಗೆದಿರಿ. ನೀಲಿ ಇದ್ದ ಮಗುವನ್ನೂ ಅದು ಗುಲಾಬಿ ಮಾಡಿ ತೋರಿಸಿದ್ದು ನೋಡಿದ್ದೇನೆ! ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರ್ ಕ್ಲಿಪ್ಪು ಪುಟ್ಟ ಬೆರಳಿಗೆ ಕೂರುವುದಿಲ್ಲ, ಅದರ ನಂಬರ್ ನೋಡಿ ಗಾಬರಿಯಾಗಬೇಡಿ, ನೆಮ್ಮದಿಯೂ ಪಡಬೇಡಿ.

ಮಗು ನೀಲಿಯಾದರೆ, ಎಚ್ಚರ ತಪ್ಪಿದರೆ, ಉಸಿರಾಡಲು ಒದ್ದಾಡಿದರೆ, ಹಾಲೇ ಬೇಡ ಅಂದರೆ ನಮಗೆ ಕಾಲ್ ಮಾಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಓಡಿ, ದಾರಿಯಲ್ಲಿ ಫೋನ್ ಮಾಡಿ. ಜ್ವರ ಬಂದರೂ ಅಂಗಡಿಯಲ್ಲಿ ಆಂಟಿಬಯೋಟಿಕ್ ತಂದು ಕುಡಿಸಬೇಡಿ. ಹೃದಯದಲ್ಲಿ ಸೋಂಕು ಇದೆಯಾ ಅಂತ ನೋಡಲು ಅದಕ್ಕೂ ಮೊದಲೇ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆಗೆ, ಹಾಕಬೇಕಾಗಬಹುದು.

ಇನ್ನೊಂದು ಮಾತು, 2020ರಲ್ಲಿ ಬಂದ ಟೆಲಿಮೆಡಿಸಿನ್ ನಿಯಮದ ಪ್ರಕಾರ ಮಗುವಿನ ಜೊತೆ ದೊಡ್ಡವರೊಬ್ಬರು ಕಾಲ್‌ನಲ್ಲಿ ಇರಲೇಬೇಕು. ಔಷಧಿ ಕುಡಿಸುವವರೇ ಇದ್ದರೆ ಒಳ್ಳೆಯದು. ಎಷ್ಟೋ ಸಲ ಅಪ್ಪ ಕೆಲಸದ ಜಾಗದಿಂದ ಕಾಲ್ ಮಾಡುತ್ತಾರೆ, ‘ಎಷ್ಟು ಎಂಎಲ್ ಕೊಡ್ತಿದ್ದೀರಾ’ ಅಂದರೆ ‘ಇರಿ, ಮನೆಗೆ ಕೇಳ್ತೀನಿ’ ಅನ್ನುತ್ತಾರೆ.

ಮುಂದಿನ ಎಕೋ ಯಾವಾಗ ಅಂತ ಸಮ್ಮರಿಯ ಕೊನೇ ಪುಟದಲ್ಲಿ ಇರಬೇಕು, ನೋಡಿ. ಆ ಒಂದು ಸಲ ಬನ್ನಿ. ಬರುವಾಗ ಹಳೇ ರಿಪೋರ್ಟ್‌ಗಳ ಜೊತೆ ಮಾತ್ರೆ ಪಟ್ಟಿ, ಕುಡಿಸುವ ಸಿರಿಂಜ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.