ಚರ್ಚಿಗೆ ಬರುವ ಕಾಲೇಜು ಮಕ್ಕಳ ಜೊತೆ ವಯಸ್ಸಾದ ದಂಪತಿ ಸ್ನೇಹ ಬೆಳೆಸುವುದು ಹೇಗೆ?

ನಿಮಗೂ ನಿಮ್ಮ ಯಜಮಾನರಿಗೂ ಅರವತ್ತು ದಾಟಿದೆ, ಮಕ್ಕಳು ದೂರದಲ್ಲಿದ್ದಾರೆ, ಚರ್ಚಿನ ಕೊನೆಯ ಸಾಲಿನಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರು ಬಂದು ಕೂತು ಆಶೀರ್ವಾದ ಮುಗಿಯುತ್ತಲೇ ಮಾಯವಾಗುತ್ತಾರೆ ಎಂದು ಬರೆದಿದ್ದೀರಿ. ಅವರನ್ನು ಹೇಗೆ ಮಾತಾಡಿಸುವುದು, ನಮ್ಮಂಥ ಮುದುಕರು ಅವರಿಗೆ ಬೇಕಾ ಎಂದು ಕೇಳಿದ್ದೀರಿ.

ಬೇಕು. ಆದರೆ ನಾವು ಅಂದುಕೊಂಡಿರುವ ಕಾರಣಕ್ಕಲ್ಲ. ನಾನೂ ನಮ್ಮ ಮನೆಯವರೂ ಹನ್ನೊಂದು ವರ್ಷದಿಂದ ಇದನ್ನು ಮಾಡುತ್ತಿದ್ದೇವೆ. ಅದರಲ್ಲಿ ಮೊದಲ ವರ್ಷ ಪೂರ್ತಿ ತಪ್ಪು ಮಾಡಿದ್ದೇ ಆಯಿತು.

ಆರಾಧನೆಯ ಕೊನೆಗೆ ಪಾಸ್ಟರ್ ಕೈಯಲ್ಲಿ ಪ್ರಕಟಣೆ ಓದಿಸಿದೆವು: ವಿದ್ಯಾರ್ಥಿಗಳೆಲ್ಲ ಇಂಥವರ ಮನೆಗೆ ಊಟಕ್ಕೆ ಬರಬಹುದು. ಹನ್ನೆರಡು ಕುರ್ಚಿ ಹಾಕಿಟ್ಟೆ. ಬಂದವರು ಇಬ್ಬರು, ಅದೂ ಪಾಸ್ಟರ್ ಬಲವಂತಕ್ಕೆ. ಆ ಇಬ್ಬರನ್ನು ನಮ್ಮವರು ಎದುರಿಗೆ ಕೂರಿಸಿಕೊಂಡು ಯಾವ ವರ್ಷ, ಎಷ್ಟು ಪರ್ಸೆಂಟ್, ತಂದೆ ಏನು ಮಾಡುತ್ತಾರೆ, ಮುಂದೆ ಏನು ಅಂತ ಒಂದೇ ಸಮನೆ ಕೇಳಿದರು. ಹುಡುಗರು ತಟ್ಟೆ ನೋಡಿಕೊಂಡು ಉತ್ತರ ಹೇಳಿದರು, ಕೈ ತೊಳೆದರು, ಹೋದರು. ವೈವಾ ಪರೀಕ್ಷೆ ಕೊಡುವುದಕ್ಕೆ ಯಾರಾದರೂ ಎರಡನೇ ಸಲ ತಾವಾಗಿ ಬರುತ್ತಾರೆಯೇ?

ಆಮೇಲೆ ಎರಡು ಬದಲಾವಣೆ ಮಾಡಿದೆವು. ಎಲ್ಲರನ್ನೂ ಒಟ್ಟಿಗೆ ಕರೆಯುವುದು ಬಿಟ್ಟು, ಹೆಸರು ಕೇಳಿಕೊಂಡು, "ನೀನೂ ನಿನ್ನ ಪಕ್ಕ ಕೂರುವ ಸ್ನೇಹಿತನೂ ಬನ್ನಿ" ಎಂದು ಇಬ್ಬಿಬ್ಬರನ್ನೇ ಕರೆಯತೊಡಗಿದೆವು. ಒಬ್ಬರೇ ಬರುವುದಕ್ಕೆ ಅಂಜಿಕೆ, ಗುಂಪಿನಲ್ಲಿ ಬಂದರೆ ತಮ್ಮೊಳಗೇ ಮಾತು. ಇಬ್ಬರಾದರೆ ಸರಿಹೋಗುತ್ತದೆ. ಇನ್ನೊಂದು, ದಿನ ಗೊತ್ತು ಮಾಡಿದ್ದು. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮನೆ ಬಾಗಿಲು ತೆರೆದಿರುತ್ತದೆ, ಮೂರು ಗಂಟೆಗೆ ನಮಗೆ ನಿದ್ದೆ. ಯಾವಾಗ ಎದ್ದು ಹೋಗಬಹುದು ಅಂತ ಗೊತ್ತಿದ್ದರೆ ಬರುವುದು ಸುಲಭ. "ಯಾವಾಗ ಬೇಕಾದರೂ ಬನ್ನಿ" ಎನ್ನುವ ಮಾತು ಅವರ ಕಿವಿಗೆ "ಬರಬೇಡಿ" ಅಂತಲೇ ಕೇಳುತ್ತದೆ. ಮೊದಲ ಕೆಲವು ತಿಂಗಳು ಕಾದು ಕಾದು ನಾವಿಬ್ಬರೇ ಉಂಡ ಭಾನುವಾರಗಳೂ ಇದ್ದವು. ಆದರೂ ದಿನ ಮಾತ್ರ ಬದಲಿಸಲಿಲ್ಲ.

ಹೊತ್ತಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎನ್ನುವವರು, ಹೊಸ ಊರಿಗೆ ಬಂದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ವಿಚಾರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇದ್ದದ್ದು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತ ಸ್ನೇಹಕ್ಕೆ 200 ಗಂಟೆ ದಾಟಬೇಕು ಎಂಬುದು ಅದರ ಸಾರ. ನಮ್ಮವರು ನಿವೃತ್ತ ಅಕೌಂಟೆಂಟು, ತಕ್ಷಣ ಪೆನ್ಸಿಲ್ ಹಿಡಿದರು. ಚರ್ಚಿನ ಬಾಗಿಲಲ್ಲಿ ವಾರಕ್ಕೆ ಎರಡು ನಿಮಿಷ ಕೈಕುಲುಕಿ ಮಾತಾಡಿದರೆ 50 ಗಂಟೆ ತುಂಬಲು 1,500 ವಾರ, ಅಂದರೆ ಸುಮಾರು 29 ವರ್ಷ ಬೇಕು. ಹುಡುಗ ಮೂರೋ ನಾಲ್ಕೋ ವರ್ಷ ಓದಿ ಹೊರಟುಬಿಡುತ್ತಾನೆ. ಅವನಿಗೆ ಗಂಟೆಗಟ್ಟಲೆ ಕೂರಲು ಒಂದು ಜಾಗ ಬೇಕು, ಅದು ಮನೆಯೇ ಆಗಿರಬೇಕು.

ಗಂಟೆಗಟ್ಟಲೆ ಅಂದರೆ ಅಷ್ಟು ಹೊತ್ತೂ ಮಾತಾಡಬೇಕು ಅಂತಲ್ಲ. ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಮೊದಲ ಸಲ ಬಂದವನು ಊಟ ಮಾಡಿ, ಸೋಫಾ ಮೇಲೆ ಒರಗಿ, ಹಾಗೇ ನಿದ್ದೆ ಹೋದ. ನಮ್ಮ ಮೂರು ಗಂಟೆಯ ನಿಯಮ ಅವತ್ತು ಮುರಿಯಿತು. ಸಂಜೆ ದೀಪ ಹಾಕುವ ಹೊತ್ತಿಗೆ ಎದ್ದು, "ಸಾರಿ ಆಂಟಿ, ಹಾಸ್ಟೆಲ್‌ನಲ್ಲಿ ನಾಲ್ಕು ಜನ, ಒಬ್ಬ ಮಲಗಿದರೆ ಇನ್ನೊಬ್ಬ ಏಳ್ತಾನೆ" ಅಂದ. ನಾಲ್ಕು ವರ್ಷದಲ್ಲಿ ಅವನು ನಮ್ಮಲ್ಲಿ ಆಡಿದ ಮಾತಿಗಿಂತ ಮಾಡಿದ ನಿದ್ದೆಯೇ ಹೆಚ್ಚು. ಈಗಲೂ ತಪ್ಪದೆ ಫೋನ್ ಮಾಡುವವನು ಅವನೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನಾವು ಕೊಡುವವರು, ಅವರು ತೆಗೆದುಕೊಳ್ಳುವವರು ಅಂತ ಇರುವಷ್ಟು ದಿನ ಅದು ಸ್ನೇಹವಲ್ಲ, ಸೇವೆ. ಸೇವೆ ಮಾಡಿಸಿಕೊಳ್ಳುವವರಿಗೆ ಒಂದು ಮುಜುಗರ ಇದ್ದೇ ಇರುತ್ತದೆ. ಅವರಿಗೂ ನಮ್ಮ ಮನೆಯಲ್ಲಿ ಒಂದು ಕೆಲಸ ಇರಬೇಕು.

ಇದು ನನಗೆ ತಿಳಿದದ್ದು ಕಣ್ಣಿನ ಪೊರೆಯ ಆಪರೇಷನ್ ಆದಾಗ. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಿತ್ತು. ನಮ್ಮವರ ಕೈ ನಡುಗುತ್ತದೆ. ಒಂದು ಹನಿ ಕೆನ್ನೆಗೆ, ಒಂದು ಕಿವಿಗೆ, ಔಷಧಿ ಬಾಟಲಿ ಎರಡು ದಿನಕ್ಕೇ ಅರ್ಧ. ಒಂದು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದ ಹುಡುಗಿಯೊಬ್ಬಳು, ನರ್ಸಿಂಗ್ ಓದುತ್ತಿದ್ದವಳು, ಬಂದರೆ ಮೂಲೆಯಲ್ಲಿ ಕೂತು ಹೋಗುವ ಪೈಕಿ. ಕಷ್ಟಪಟ್ಟು ಅವಳಿಗೆ ಫೋನ್ ಮಾಡಿದೆ. ಬಂದವಳು ಸೋಪು ಹಾಕಿ ಕೈ ತೊಳೆದು, "ಮೇಲೆ ನೋಡಿ ಆಂಟಿ, ಇನ್ನೂ ಮೇಲೆ" ಅಂತ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಟ್ಟಳು. ರೆಪ್ಪೆ ಮುಚ್ಚಿಸಿ, ಮೂಗಿನ ಪಕ್ಕ ಬೆರಳಿಟ್ಟು ಒಂದು ನಿಮಿಷ ಒತ್ತಿ ಹಿಡಿದಳು, ಔಷಧಿ ಗಂಟಲಿಗೆ ಇಳಿಯದ ಹಾಗೆ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಆ ಒಂದು ನಿಮಿಷದಲ್ಲಿ ಅವಳು ಹೇಳಿದಳು: "ಕೊನೆಗೂ ನನಗೆ ಒಂದು ಕೆಲಸ ಹೇಳಿದ್ರಲ್ಲ ಆಂಟಿ."

ಆಮೇಲೆ ಅವಳು ಮೂಲೆಯಲ್ಲಿ ಕೂರಲಿಲ್ಲ. ನೇರ ಅಡುಗೆ ಮನೆಗೇ ಬರುತ್ತಿದ್ದಳು.

ಅಂದಿನಿಂದ ಬಂದವರಿಗೆಲ್ಲ ನಾನು ನಾಚಿಕೆ ಬಿಟ್ಟು ಕೆಲಸ ಹೇಳುತ್ತೇನೆ. ಫೋನಿನ ಅಕ್ಷರ ದೊಡ್ಡದು ಮಾಡು, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸು, ಈ ಬೆಡ್‌ಶೀಟಿನ ಆ ತುದಿ ಹಿಡಿ. ಕೈಗೆ ಕೆಲಸ ಇದ್ದಾಗ ಬಾಯಿ ಸಡಿಲವಾಗುತ್ತದೆ, ಮುಖ ಮುಖ ನೋಡಬೇಕಾಗಿಲ್ಲವಲ್ಲ. "ನನಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಆಂಟಿ" ಎಂದು ಒಬ್ಬಳು ಹೇಳಿದ್ದು ಪ್ರಾರ್ಥನಾ ಕೂಟದಲ್ಲಲ್ಲ, ಬೆಡ್‌ಶೀಟ್ ಮಡಿಸುವಾಗ. ನಾನು, "ಬಿಗಿಯಾಗಿ ಹಿಡಿ, ಆಮೇಲೆ ಹೇಳು" ಅಂದೆ. ಮೂರು ಬೆಡ್‌ಶೀಟ್ ಮುಗಿಯುವಷ್ಟರಲ್ಲಿ ಪೂರ್ತಿ ಹೇಳಿಕೊಂಡಳು. ನಾನು ಉತ್ತರ ಕೊಡಲಿಲ್ಲ, ಕೊಡಬೇಕು ಅಂತ ಅವಳೂ ಕೇಳಿರಲಿಲ್ಲ.

ಇಂಥ ಕಡೆಯೇ ನಮ್ಮವರು ಎಡವಿದ್ದು. ಒಬ್ಬ ಹುಡುಗ ಊಟದ ನಡುವೆ ವಿಜ್ಞಾನ, ಸೃಷ್ಟಿ ಅಂತ ಏನೋ ಸಂದೇಹ ಎತ್ತಿದ. ಇವರು ಸತ್ಯವೇದ, ಅಂದರೆ ಬೈಬಲ್, ತಂದು ಮುಕ್ಕಾಲು ಗಂಟೆ ಪಾಸ್ಟರ್ ಹಾಗೆ ಪ್ರಸಂಗವನ್ನೇ ಮಾಡಿಬಿಟ್ಟರು. ಹುಡುಗ ಆರು ವಾರ ಬರಲಿಲ್ಲ. ಇವರೇ ಚರ್ಚಿನ ಹೊರಗೆ ಅವನನ್ನು ಕಾದು, "ಅವತ್ತು ನೀನು ಕೇಳಿದ್ದೇ ಬೇರೆ, ನಾನು ಹೇಳಿದ್ದೇ ಬೇರೆ, ತಪ್ಪಾಯ್ತು" ಅಂದರು. ಅರವತ್ತೆಂಟು ವರ್ಷದವರು ಹತ್ತೊಂಬತ್ತರವನ ಹತ್ತಿರ ತಪ್ಪಾಯ್ತು ಅಂದದ್ದು ಆ ಪ್ರಸಂಗಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇದಕ್ಕೆ ಸತ್ಯವೇದದಲ್ಲಿ ಆಧಾರ ಬೇಕು ಅನ್ನುವವರಿಗೆ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಸಾಕು. ಗುಡಾರ ಮಾಡಿ ಬದುಕುತ್ತಿದ್ದ ಅಕ್ವಿಲ ಪ್ರಿಸ್ಕಿಲ್ಲ ದಂಪತಿ ಮೊದಲು ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನನ್ನು ಮನೆಯಲ್ಲಿಟ್ಟುಕೊಂಡರು. ಅವನೂ ಅದೇ ಕಸುಬಿನವನು, ಅವರ ಜೊತೆಗೇ ಕೆಲಸ ಮಾಡಿದ. ಆಮೇಲೆ ಮಾತಿನಲ್ಲಿ ಚತುರನಾದ ಅಪೊಲ್ಲೋಸ ಎನ್ನುವವನ ಬೋಧನೆಯಲ್ಲಿ ಕೊರತೆ ಕಂಡಾಗ ನಾಲ್ಕು ಜನರ ಮುಂದೆ ತಿದ್ದಲಿಲ್ಲ, ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರಿಸಿದರು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳು ಗರ್ಭಿಣಿಯಾದ ಹೊಸತರಲ್ಲಿ ಹೋದದ್ದು ವಯಸ್ಸಾದ ಎಲಿಸಬೇತಳ ಮನೆಗೆ, ಇದ್ದದ್ದು ಸುಮಾರು ಮೂರು ತಿಂಗಳು. ಎಲಿಸಬೇತಳೂ ಆಗ ಗರ್ಭಿಣಿ. ಯಾರಿಗೆ ಯಾರು ಆಸರೆ ಅಂತ ಹೇಳುವುದು ಕಷ್ಟ.

ಹತ್ತಿರದ ಕಾಲದ್ದೂ ಇದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಯೊಂದರಲ್ಲಿ 1955ರಲ್ಲಿ ಅಮೆರಿಕದ ಪಾಸ್ಟರ್ ಫ್ರಾನ್ಸಿಸ್ ಶೇಫರ್ ಮತ್ತು ಈಡಿತ್ ಶೇಫರ್ ದಂಪತಿ ತಮ್ಮ ಮನೆಯನ್ನೇ ತೆರೆದಿಟ್ಟರು. ಶುರುವಾದದ್ದು ಅವರ ಮಗಳು ವಿಶ್ವವಿದ್ಯಾಲಯದ ಗೆಳೆಯರನ್ನು ವಾರಾಂತ್ಯಕ್ಕೆ ಕರೆತಂದದ್ದರಿಂದ. ಹೆಸರು ಲಾಬ್ರಿ, ಫ್ರೆಂಚಿನಲ್ಲಿ ಆಸರೆ ಎಂದರ್ಥ. ಅಲ್ಲಿ ಬಂದು ಉಳಿಯುವವರು ಅರ್ಧ ದಿನ ಓದಿ, ಅರ್ಧ ದಿನ ಅಡುಗೆ, ತೋಟ, ಸ್ವಚ್ಛತೆ ಅಂತ ಕೆಲಸ ಮಾಡುವ ಪದ್ಧತಿ ಬೆಳೆಯಿತು. ಅವರ ದೇವಶಾಸ್ತ್ರದ ಬಗ್ಗೆ ನನಗೆ ಜಗಳವಿದೆ, ಆ ಅರ್ಧ ದಿನದ ಕೆಲಸದ ಬಗ್ಗೆ ಇಲ್ಲ.

ಇನ್ನು ಜಾಗ್ರತೆಯ ಮಾತು. ಪಾಸ್ಟರಿಗೆ ಮತ್ತು ಸಭೆಯ ಹಿರಿಯರಿಗೆ ಮೊದಲೇ ತಿಳಿಸಿ. ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಒಬ್ಬರ ಜೊತೆ ಕೂರಬೇಡಿ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಆ ಮಗುವಿನ ನೆಮ್ಮದಿಗೆ. ಮಕ್ಕಳು ಹೇಳಿದ್ದನ್ನು ಅವರ ಮನೆಯವರಿಗೆ ಮುಟ್ಟಿಸಬೇಡಿ. ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಗುಟ್ಟು ಇಟ್ಟುಕೊಳ್ಳುವುದಿಲ್ಲ ಅಂತ ನಾನು ಮೊದಲೇ ಹೇಳಿರುತ್ತೇನೆ. ಸಂಬಂಧ ಕುದುರಿಸಲು ಹೋಗಬೇಡಿ, ದಯವಿಟ್ಟು. ಪರೀಕ್ಷೆಯ ತಿಂಗಳಲ್ಲಿ ಯಾಕೆ ಬರಲಿಲ್ಲ ಅಂತ ಕೇಳಬೇಡಿ.

ದುಡ್ಡು ಸಾಲ ಕೊಡಬೇಡಿ. ಒಬ್ಬನಿಗೆ ಫೀಸು ಕಟ್ಟಲು ಸಾಲ ಅಂತ ಕೊಟ್ಟೆವು. ತೀರಿಸಲಾಗಲಿಲ್ಲ, ನಮ್ಮ ಮುಖ ತಪ್ಪಿಸಲು ಅವನು ಚರ್ಚಿಗೇ ಬರುವುದು ಬಿಟ್ಟ. ಹಣ ಹೋದದ್ದಕ್ಕಲ್ಲ, ಅವನನ್ನು ಕಳೆದುಕೊಂಡದ್ದಕ್ಕೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ. ಕೊಡುವ ಶಕ್ತಿ ಇದ್ದರೆ ವಾಪಸ್ ಬೇಡ ಎಂದೇ ಕೊಡಿ, ಇಲ್ಲವೇ ಹೆಸರು ಹೇಳದೆ ಪಾಸ್ಟರ್ ಮೂಲಕ ಕೊಡಿಸಿ.

ಮತ್ತೊಂದು ನಿಮಗೇ ಸಂಬಂಧಿಸಿದ್ದು. ಮಕ್ಕಳು ದೂರ ಇದ್ದಾರೆ ಅಂತ ಬರೆದಿದ್ದೀರಿ. ನಾನು ಒಮ್ಮೆ ಒಬ್ಬ ಹುಡುಗಿಯನ್ನು ಬಾಯಿತಪ್ಪಿ ನನ್ನ ಮಗಳ ಹೆಸರಿನಲ್ಲಿ ಕರೆದೆ. ಅವಳು ನಕ್ಕಳು, ಆದರೆ ಮುಂದಿನ ಸಲ ಬಂದಾಗ, ಹೊರಡಲು ಅನುಮತಿ ಕೇಳುವ ಹಾಗೆ ನಿಂತಳು. ಅವರಿಗೆ ತಾಯಂದಿರಿದ್ದಾರೆ, ಇನ್ನೊಬ್ಬಳಿಗೆ ಲೆಕ್ಕ ಕೊಡುವ ಭಾರ ಹೊರಿಸಬಾರದು. ನಿಮ್ಮ ಮಕ್ಕಳು ಫೋನ್ ಮಾಡದ ಸಿಟ್ಟನ್ನು ನಿಮ್ಮ ಮಕ್ಕಳ ಹತ್ತಿರವೇ ತೀರಿಸಿಕೊಳ್ಳಿ. ಪ್ರತಿ ವರ್ಷ ಕೊನೆಯ ವರ್ಷದವರು ಹೊರಟು ಹೋಗುತ್ತಾರೆ, ಹೆಚ್ಚಿನವರು ನಿಧಾನಕ್ಕೆ ಮರೆಯುತ್ತಾರೆ. ಆ ವಾರ ನಾನು ಅಡುಗೆ ಮನೆಯಲ್ಲಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿರುತ್ತೇನೆ, ನಮ್ಮವರು ಏನೂ ಕೇಳುವುದಿಲ್ಲ.

ಈ ಭಾನುವಾರ ಇಷ್ಟು ಮಾಡಿ. ಮುಂದಿನ ಸಾಲಿನ ನಿಮ್ಮ ಕಾಯಂ ಜಾಗ ಬಿಟ್ಟು, ಆ ಮಕ್ಕಳ ಸಾಲಿಗಿಂತ ಒಂದು ಸಾಲು ಮುಂದೆ ಕೂತುಕೊಳ್ಳಿ. ಆಶೀರ್ವಾದ ಮುಗಿದು ಅವರು ಎದ್ದೇಳುವ ಮೊದಲು ಹಿಂದೆ ತಿರುಗಿ ಹೆಸರು ಕೇಳಿ, ಫೋನ್ ಕೈಗೆ ಕೊಟ್ಟು ಅಕ್ಷರ ದೊಡ್ಡದು ಮಾಡಿಸಿಕೊಳ್ಳಿ. ಯಜಮಾನರಿಗೆ ಮಾತ್ರ ಮನೆಯಿಂದ ಹೊರಡುವ ಮೊದಲೇ ಹೇಳಿಟ್ಟಿರಿ, ಮಾರ್ಕ್ಸ್ ಕೇಳಬೇಡಿ ಅಂತ.