ದೇವರನ್ನು ನಂಬದವರು ಎಎ ಗುಂಪಿಗೆ ಹೋಗಬಹುದೇ?

ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಮನೆಗೆ ಬಂದಿರುವ ನಿಮ್ಮ ತಮ್ಮನಿಗೆ ವೈದ್ಯರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಬಯಸುವವರು ಪರಸ್ಪರ ನೆರವಾಗುವ ಎಎ ಗುಂಪಿನ ಮೀಟಿಂಗಿಗೆ ಹೋಗಲು ಹೇಳಿದ್ದಾರೆ. ಅವರು ಮಾತ್ರ ‘ಅಲ್ಲಿ ಬರೀ ದೇವರ ಮಾತು, ನಾನು ನಾಸ್ತಿಕ, ನನಗದು ಒಗ್ಗುವುದಿಲ್ಲ’ ಎನ್ನುತ್ತಿದ್ದಾರೆ. ನಂಬಿಕೆ ಇಲ್ಲದವರಿಗೆ ಅಲ್ಲಿ ಪ್ರಯೋಜನವಾಗುತ್ತದೆಯೇ, ಒತ್ತಾಯ ಮಾಡಿಯಾದರೂ ಕಳುಹಿಸಬೇಕೇ ಎಂದು ನೀವು ಕೇಳಿದ್ದೀರಿ. ವ್ಯಸನಮುಕ್ತಿ ವಿಭಾಗವೊಂದರಲ್ಲಿ ಬಹುಕಾಲದಿಂದ ಮನೋವೈದ್ಯಕೀಯ ಸಮಾಜಕಾರ್ಯಕರ್ತೆಯಾಗಿರುವ ನನಗೆ ಕುಟುಂಬದವರಿಂದ ಪದೇ ಪದೇ ಎದುರಾಗುವ ಪ್ರಶ್ನೆಯಿದು. ಪ್ರಯೋಜನವಾಗುತ್ತದೆ, ಆದರೆ ಒತ್ತಾಯ ಮಾಡಬೇಡಿ ಎಂಬುದು ನನ್ನ ಉತ್ತರ.

ನಿಮ್ಮ ತಮ್ಮನ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಸೇರಿ ಎಎಯನ್ನು ಆರಂಭಿಸಿದಾಗ, ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಧಾರ್ಮಿಕ ಚಳವಳಿಯ ಸಂಪರ್ಕದಲ್ಲಿದ್ದರು. ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ ಸಲ್ಲಿಸುವುದು, ಪ್ರಾರ್ಥನೆ, ಇನ್ನೊಬ್ಬರಿಗೆ ನೆರವಾಗುವುದು ಇವೆಲ್ಲ ಅಲ್ಲಿಂದಲೇ ಬಂದವು. ಕುಡಿತದಿಂದ ಹೊರಬರಲು ಎಎ ಹೇಳುವ ಪ್ರಸಿದ್ಧವಾದ ಹನ್ನೆರಡು ಹೆಜ್ಜೆಗಳಲ್ಲಿ ಅರ್ಧದಷ್ಟರಲ್ಲಿ ದೇವರ ಅಥವಾ ತಮಗಿಂತ ದೊಡ್ಡದಾದ ಶಕ್ತಿಯ ಉಲ್ಲೇಖವಿದೆ. ಆದರೆ ಆ ಹೆಜ್ಜೆಗಳನ್ನು ಬರೆಯುವಾಗಲೇ ಗುಂಪಿನೊಳಗೆ ದೇವರನ್ನು ಒಪ್ಪದವರಿದ್ದರು ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಜಿಮ್ ಬರ್ವೆಲ್ ಎಂಬ ಸದಸ್ಯರು ಈ ವಿಷಯದಲ್ಲಿ ಪಟ್ಟು ಹಿಡಿದು ವಾದಿಸಿದರು. ಅಂತಹ ವಾದಗಳ ಫಲವಾಗಿ 1939ರಲ್ಲಿ ಅಚ್ಚಾದ, ಆ ಹೆಜ್ಜೆಗಳಿರುವ ಎಎಯ ಪುಸ್ತಕದಲ್ಲಿ, ದೇವರೆಂದರೆ ಪ್ರತಿಯೊಬ್ಬರೂ ತಾವು ಅರಿತುಕೊಂಡಂತೆ ಎಂಬ ಮಾತು ಸೇರಿತು. ಬಿಲ್ ವಿಲ್ಸನ್ ಅವರಿಗೆ 1934ರ ಡಿಸೆಂಬರಿನಲ್ಲಿ ಆಸ್ಪತ್ರೆಯ ಕೋಣೆಯಲ್ಲಿ ಬೆಳಕು ತುಂಬಿದಂತಹ ಅನುಭವವಾಗಿತ್ತು. ಅಂತಹುದು ಎಲ್ಲರಿಗೂ ಆಗಲೇಬೇಕೆಂದು ಓದುಗರು ತಿಳಿಯಬಾರದೆಂದು, 1941ರ ಮರುಮುದ್ರಣದಲ್ಲಿ, ಹೆಚ್ಚಿನವರಲ್ಲಿ ಬದಲಾವಣೆ ನಿಧಾನವಾಗಿಯೇ ಆಗುತ್ತದೆ ಎಂಬ ವಿವರಣೆಯನ್ನು ಸೇರಿಸಲಾಯಿತು. ಸದಸ್ಯತ್ವಕ್ಕೆ ಬೇಕಾದುದು ಒಂದೇ, ಕುಡಿತ ಬಿಡಬೇಕೆಂಬ ಇಚ್ಛೆ. ಗುಂಪುಗಳು ಹೇಗೆ ನಡೆಯಬೇಕೆಂದು ಹೇಳುವ ಎಎಯ ‘ಸಂಪ್ರದಾಯ’ಗಳಲ್ಲಿ ಇದು ಮೂರನೆಯದು.

ಹಾಗಾದರೆ ದೇವರ ಮಾತು ಅಲ್ಲಿ ಮಾಡುವ ಕೆಲಸವೇನು? ‘ನನ್ನ ಕುಡಿತ ನನ್ನ ಹಿಡಿತದಲ್ಲಿದೆ, ಮನಸ್ಸು ಮಾಡಿದರೆ ನಾಳೆಯೇ ಬಿಡುತ್ತೇನೆ’ ಎಂಬ ಮಾತನ್ನು ವಾರ್ಡಿಗೆ ಬರುವ ಬಹುತೇಕ ಎಲ್ಲರ ಬಾಯಲ್ಲೂ ನಾನು ಕೇಳಿದ್ದೇನೆ. ತನ್ನೊಬ್ಬನಿಂದ ಇದು ಆಗುವುದಿಲ್ಲ ಎಂದು ಒಪ್ಪಿಕೊಳ್ಳುವ ತನಕ ಮನುಷ್ಯ ಸಹಾಯ ಕೇಳುವುದಿಲ್ಲ. ಆಸ್ತಿಕರಿಗೆ ಈ ಒಪ್ಪಿಗೆಯನ್ನು ದೇವರ ಮುಂದೆ ಸಲ್ಲಿಸುವುದು ಸುಲಭ, ಏಕೆಂದರೆ ಶರಣಾಗುವ ಅಭ್ಯಾಸ ಅವರಿಗೆ ಚಿಕ್ಕಂದಿನಿಂದಲೇ ಇರುತ್ತದೆ. ನಂಬದವರು ಅದನ್ನೇ ಗುಂಪಿನ ಮುಂದೆ ಸಲ್ಲಿಸುತ್ತಾರೆ. ತಮಗಿಂತ ದೊಡ್ಡ ಶಕ್ತಿಯೆಂದು ಗುಂಪನ್ನೇ ಭಾವಿಸಬಹುದೆಂದು ಎಎಯ ಸಾಹಿತ್ಯವೇ ಹೇಳುತ್ತದೆ.

ನಾನು ಸ್ವತಃ ದೇವರನ್ನು ನಂಬುವವಳು. ಆದರೂ, ಅಥವಾ ಬಹುಶಃ ಅದಕ್ಕಾಗಿಯೇ, ನಂಬಿಕೆಯ ಎರಡು ಬಗೆಗಳನ್ನು, ಅಂದರೆ ತನ್ನಿಂದಾಗದೆಂದು ಒಪ್ಪಿ ಶರಣಾಗುವುದನ್ನೂ ದೇವರ ಮೇಲೆ ಆಣೆಯಿಡುವುದನ್ನೂ, ಬೇರೆ ಬೇರೆಯಾಗಿ ನೋಡಬೇಕೆಂದು ನನಗನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಕುಡಿತ ಬಿಡಿಸಲು ಮೊದಲು ನೆನಪಾಗುವುದು ಆಣೆ. ದೇವರ ಫೋಟೋದ ಮುಂದೆ ಕರ್ಪೂರ ಹಚ್ಚಿ, ಮಕ್ಕಳ ತಲೆ ಮುಟ್ಟಿಸಿ ಪ್ರಮಾಣ ಮಾಡಿಸುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದಷ್ಟು ದಿನ ಒಂದು ಹನಿಯನ್ನೂ ಮುಟ್ಟದೆ, ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿಗೆ ಹೋದವರ ಕಥೆಯನ್ನು ಅವರ ಹೆಂಡತಿಯರಿಂದಲೇ ಕೇಳಿದ್ದೇನೆ. ಅವರ ಭಕ್ತಿ ಸುಳ್ಳೆಂದು ನಾನು ಎಂದೂ ಭಾವಿಸಿಲ್ಲ. ವ್ರತಕ್ಕೆ ಮುಗಿಯುವ ದಿನವೊಂದಿದೆ, ಕಾಯಿಲೆಗೆ ಇಲ್ಲ. ಆಣೆಯ ತೊಂದರೆ ಇನ್ನೂ ಆಳವಾದುದು: ಅದು ಮುರಿದರೆ ಪಾಪಪ್ರಜ್ಞೆ, ಪಾಪಪ್ರಜ್ಞೆಯಿಂದ ಮುಚ್ಚುಮರೆ, ಮುಚ್ಚುಮರೆಯಿಂದ ಮತ್ತೆ ಕುಡಿತ. ವ್ಯಸನದಲ್ಲಿ ಮರುಕಳಿಕೆ ಎಷ್ಟು ಸಾಮಾನ್ಯವೆಂದರೆ, ಜಾರಿದವರಿಗೆ ಹಿಂತಿರುಗುವ ದಾರಿಯಿಲ್ಲದ ಯಾವ ವ್ಯವಸ್ಥೆಯೂ ಬಹುಕಾಲ ಕೆಲಸ ಮಾಡಲಾರದು.

ಜಾರಿದವರು ಹಿಂತಿರುಗುವುದು ಎಎ ಮೀಟಿಂಗಿನಲ್ಲಿ ಹೇಗೆ ನಡೆಯುತ್ತದೆಂದು ಹೊರಗಿನವರಿಗೂ ಪ್ರವೇಶವಿದ್ದ ಒಂದು ಸಭೆಯಲ್ಲಿ ನೋಡಿದ್ದೇನೆ. ಶಾಲೆಯ ಕೋಣೆ, ವೃತ್ತಾಕಾರವಾಗಿ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಚಹಾದ ಫ್ಲಾಸ್ಕ್. ತಿಂಗಳುಗಟ್ಟಲೆ ಕುಡಿಯದೆ ಇದ್ದ ಮಧ್ಯವಯಸ್ಕರೊಬ್ಬರು ನೆಂಟರ ಮನೆಯ ಗೃಹಪ್ರವೇಶದಲ್ಲಿ ಜಾರಿದ್ದರು. ತಮ್ಮ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ, ಇವತ್ತು ನನ್ನ ಮೊದಲ ದಿನ’ ಎಂದರು. ಯಾರೂ ಬುದ್ಧಿ ಹೇಳಲಿಲ್ಲ, ಕಾರಣ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು, ಪಕ್ಕದವರು ತಮ್ಮ ಸರದಿಯ ಮಾತು ಆರಂಭಿಸಿದರು. ಮೀಟಿಂಗ್ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಅವರ ಮೊಬೈಲ್ ತೆಗೆದುಕೊಂಡು ತಮ್ಮ ನಂಬರನ್ನು ತಾವೇ ಸೇವ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಬೇಕೆಂದು ಹೇಳಿ ಕಳುಹಿಸಿದರು.

ನಮ್ಮ ರಾಜ್ಯದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ, ಪ್ರಾರ್ಥನೆಗಳಿಗೆ ದೊಡ್ಡ ಸ್ಥಾನವಿದೆ. ಅಲ್ಲಿಯೂ ನನಗೆ ಅತ್ಯಂತ ಮುಖ್ಯವೆನಿಸುವುದು ಶಿಬಿರ ಮುಗಿದ ಮೇಲೆ ಊರಿನಲ್ಲಿ ಉಳಿಯುವ ನವಜೀವನ ಸಮಿತಿ, ಅಂದರೆ ಕುಡಿತ ಬಿಟ್ಟವರು ಪರಸ್ಪರ ಭೇಟಿಯಾಗುತ್ತಿರುವ ವ್ಯವಸ್ಥೆ.

ಸಂಶೋಧನೆಗಳ ಬಗ್ಗೆಯೂ ಹೇಳಬೇಕು. 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನೂ ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆಯ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವರದಿಯ) ಪ್ರಕಾರ, ರೋಗಿಗಳನ್ನು ಕ್ರಮಬದ್ಧವಾಗಿ ಎಎಯೊಂದಿಗೆ ಜೋಡಿಸುವ ಚಿಕಿತ್ಸೆಯು ಸಂಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲಾಗಿತ್ತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ: ನಾಸ್ತಿಕರು ಮತ್ತು ಅಜ್ಞೇಯವಾದಿಗಳು (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು) ಎಎಗೆ ಹೋಗುವುದು ಕಡಿಮೆ, ಆದರೆ ಹೋದವರಿಗೆ ಆದ ಪ್ರಯೋಜನದಲ್ಲಿ ಆಸ್ತಿಕರಿಗೂ ಅವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕುಡಿಯುವ ಸ್ನೇಹಿತರ ಜಾಗಕ್ಕೆ ಕುಡಿಯದ ಸ್ನೇಹಿತರು ಬರುವುದೇ ಎಎ ಕೆಲಸ ಮಾಡುವ ಬಹುಮುಖ್ಯ ದಾರಿ ಎಂದು ಇತರ ಅಧ್ಯಯನಗಳು ಹೇಳುತ್ತವೆ. ನಂಬಿಕೆಯ ಪಾಲು ಹೆಚ್ಚಾಗಿ ಕಾಣುವುದು ವ್ಯಸನ ತೀವ್ರವಾಗಿದ್ದವರಲ್ಲಿ.

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಮನಸ್ಸಿನಲ್ಲಿಡಿ. ಮಾತ್ರೆ ತೆಗೆದುಕೊಳ್ಳುವವನು ನಿಜವಾಗಿ ಕುಡಿತ ಬಿಟ್ಟವನಲ್ಲ, ದೇವರ ಮೇಲೆ ಭಾರ ಹಾಕಿದರೆ ಸಾಕು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂಬುದು ಎಎಯ ಸ್ವಂತ ಸೂಚನೆ. ಮತ್ತೆ ಕುಡಿಯದಂತೆ ನೆರವಾಗಲು ಕೊಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಂತಹ ಔಷಧಿಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ನಿಮ್ಮ ತಮ್ಮ ಮತ್ತೆ ಕುಡಿದರೆ ‘ನಂಬಿಕೆ ಇಲ್ಲದ್ದಕ್ಕೇ ಹೀಗಾಯಿತು’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ.

ಒತ್ತಾಯ ಏಕೆ ಬೇಡವೆಂದರೆ, ಶರಣಾಗತಿಯನ್ನು ಬಲವಂತದಿಂದ ಪಡೆಯಲು ಬರುವುದಿಲ್ಲ. ಅಮೆರಿಕದಲ್ಲಿ ಕೈದಿಗಳನ್ನು ಇಂತಹ ಗುಂಪುಗಳಿಗೆ ಕಡ್ಡಾಯವಾಗಿ ಕಳುಹಿಸುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಲ್ಲಿನ ನ್ಯಾಯಾಲಯಗಳೇ 1996ರಿಂದ ಹಲವು ಬಾರಿ ಹೇಳಿವೆ.

ಬದಲಿಗೆ ಅವರಿಗೆ ಹೀಗೆ ಹೇಳಿ ನೋಡಿ: ಎರಡು ಮೂರು ಬೇರೆ ಬೇರೆ ಗುಂಪುಗಳ ಮೀಟಿಂಗಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ, ಒಂದು ಗುಂಪಿನ ವಾತಾವರಣ ಇನ್ನೊಂದರಲ್ಲಿರುವುದಿಲ್ಲ. ಕೊನೆಯ ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಂತರೆ ಸಾಕು. ಅದೂ ಹಿಡಿಸದಿದ್ದರೆ, ದೇವರ ಪ್ರಸ್ತಾಪವೇ ಇಲ್ಲದೆ 1994ರಿಂದ ನಡೆಯುತ್ತಿರುವ ಸ್ಮಾರ್ಟ್ ರಿಕವರಿ ಎಂಬ ಗುಂಪಿನ ಆನ್‌ಲೈನ್ ಸಭೆಗಳಿವೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವರು ಎಲ್ಲಿಗೂ ಹೋಗಲು ಒಪ್ಪದಿದ್ದರೂ ನೀವು ಮಾತ್ರ ಕುಟುಂಬದವರಿಗಾಗಿರುವ ಅಲ್-ಅನಾನ್ ಗುಂಪಿಗೆ ಹೋಗಿ. ಅದಕ್ಕೆ ನಿಮ್ಮ ತಮ್ಮನ ಒಪ್ಪಿಗೆ ಬೇಕಾಗಿಲ್ಲ.