ಬಿಪಿ ಮಾತ್ರೆ ಜೊತೆ ಇನ್ನೇನು ನುಂಗ್ತಿದ್ದೀರಿ?

"ಅಪ್ಪನಿಗೆ 64 ವರ್ಷ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40 ಎಂಜಿ ದಿನಾ ತಪ್ಪದೆ ತಗೊಳ್ತಾರೆ, ಆದ್ರೂ ಬಿಪಿ 150ರ ಕೆಳಗೆ ಇಳಿಯಲ್ಲ. ನಾವೇ ಮಾತ್ರೆ 80 ಎಂಜಿಗೆ ಏರಿಸಬಹುದಾ ಸರ್?"

ಏರಿಸೋದು ಇಳಿಸೋದು ಡಾಕ್ಟರ ಕೆಲಸ. ಆದರೆ ಮೊದಲು ಇದನ್ನು ಹೇಳಿ: ಅಪ್ಪನ ಮಂಡಿನೋವಿಗೆ ಏನು ಕೊಡ್ತಿದ್ದೀರಿ? ಈ ಪ್ರಶ್ನೆ ಹಾಕಿದಾಗಲೆಲ್ಲ "ಅದು ಬಿಡಿ ಸರ್, ಸುಮ್ನೆ ನೋವಿನ ಮಾತ್ರೆ" ಅನ್ನುತ್ತಾರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಟೆಲ್ಮಿಸಾರ್ಟನ್ ಒಂದು ಕಡೆ ಬಿಪಿ ಇಳಿಸುತ್ತಿದ್ದರೆ ಇವು ಇನ್ನೊಂದು ಕಡೆ ಏರಿಸುತ್ತಿರುತ್ತವೆ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದ್ದರೆ ಕಿಡ್ನಿಗೂ ಪೆಟ್ಟು, ವಯಸ್ಸಾದವರಿಗಂತೂ ಜಾಸ್ತಿ. ಮೂಗು ಕಟ್ಟಿದಾಗ ನುಂಗುವ ನೆಗಡಿ ಮಾತ್ರೆಯಲ್ಲಿರುವ ಫಿನೈಲೆಫ್ರಿನ್ ರಕ್ತನಾಳ ಬಿಗಿ ಮಾಡುತ್ತದೆ. ನೀರಲ್ಲಿ ಬುರುಗು ಬರುವ ಹಲವು ಮಾತ್ರೆಗಳಲ್ಲಿ ಸೋಡಿಯಂ ತುಂಬಿರುತ್ತದೆ, ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡಿ ಇದನ್ನು ಕುಡಿದರೆ ಏನು ಬಂತು?

ಡೈಕ್ಲೋಫೆನಾಕ್ ಮಾತ್ರೆಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಅಂಗಡಿ ಹುಡುಗ ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಹೆಸರು, ಎಕ್ಸ್‌ಪೈರಿ ಡೇಟು ಇರೋ ತುಂಡು ಅವನ ಡ್ರಾಯರ್‌ನಲ್ಲೇ ಉಳಿಯುತ್ತದೆ. ಇದು ನಮ್ಮ ಔಷಧಿ ವ್ಯಾಪಾರದ ಪಾಪ, ಮುಚ್ಚಿಡಲ್ಲ.

ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್, ಚೂರ್ಣ, ಕಷಾಯ ಒಂದು ಕವರ್‌ಗೆ ಹಾಕಿ ತನ್ನಿ. ಹುಡುಗನನ್ನಲ್ಲ, ಗೋಡೆ ಮೇಲೆ ಯಾರ ಸರ್ಟಿಫಿಕೇಟ್ ಇದೆಯೋ ಆ ಫಾರ್ಮಸಿಸ್ಟ್‌ನನ್ನು ಕೇಳಿ. ಆಮೇಲೆ ಡಾಕ್ಟರ ಹತ್ತಿರ ಹೋಗಿ. "ಮಾತ್ರೆ ಕೊಡೋನಿಗೆ ಇದೆಲ್ಲ ಯಾಕೆ?" ಅನ್ನೋರಿಗೆ ಒಂದು ಮಾತು: ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳಲ್ಲಿ ಫಾರ್ಮಸಿಸ್ಟ್‌ಗಳೇ ಕೂತು, ವೈದ್ಯರ ಜೊತೆ ಒಪ್ಪಂದ ಮಾಡಿಕೊಂಡು ಕಪ್ಪು ಜನಾಂಗದ ಗಂಡಸರಿಗೆ ಬಿಪಿ ಔಷಧ ಕೊಟ್ಟರು. 2018ರಲ್ಲಿ ಬಂದ ಆ ಅಧ್ಯಯನದಲ್ಲಿ ಆರು ತಿಂಗಳಿಗೆ ಮೇಲಿನ ಬಿಪಿ ಸರಾಸರಿ 27 ಇಳಿದಿತ್ತು. ಬರೀ ಸಲಹೆ ಸಿಕ್ಕವರಲ್ಲಿ ಸುಮಾರು 9.

"ಎರಡು ದಿನ ಬಿಪಿ ಮಾತ್ರೆ ಅಮ್ಲೋಡಿಪಿನ್ ಬಿಟ್ಟೆ, ಬಿಪಿ ನಾರ್ಮಲ್ಲೇ ಇದೆ?" ಅದು ಹಲವು ದಿನ ರಕ್ತದಲ್ಲೇ ಇರುತ್ತದೆ ಸ್ವಾಮಿ, ಗುಣವಾಗಿದ್ದಲ್ಲ.

"ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ಹಾರ್ಟ್ ಬ್ಲಾಕೇಜ್ ಕರಗುತ್ತಂತೆ?" ಕರಗಲ್ಲ. ಸಾರಿಗೆ ಹಾಕ್ಕೊಳ್ಳಿ.

"ಜನೌಷಧಿ ಮಾತ್ರೆ ಕೆಲಸ ಮಾಡುತ್ತಾ?" ಮಾಡುತ್ತೆ.

"ಹಾರ್ಟ್ ಅಟ್ಯಾಕ್ ಬರದಿರಲಿ ಅಂತ ದಿನಾ ಎಕೋಸ್ಪ್ರಿನ್ (ಆಸ್ಪಿರಿನ್) ಶುರು ಮಾಡಲಾ?" ಇದುವರೆಗೆ ಏನೂ ಆಗಿಲ್ಲ ಅಂದ್ರೆ, ಅದರಲ್ಲೂ 60 ದಾಟಿದ್ದರೆ, ನೀವೇ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ನಿಲ್ಲಿಸಿಬಿಟ್ಟೀರಿ ಮತ್ತೆ, ಅದು ಇನ್ನೂ ಅಪಾಯ.